ಅಪ್ಪನ ಬ್ರೌಸರ್ ಮಾತಾಡಿದ ದಿನ

"ಇಲ್ಲಿ ಗುಬ್ಬಚ್ಚಿ ಅಂದ್ರೆ ಯಾರ್ರೀ?"

ಬಾಗಿಲಲ್ಲಿ ನಿಂತು ಶರಣ್ಯ ಕೇಳಿದ ರೀತಿಗೆ ಕೋಣೆಯಲ್ಲಿದ್ದವರ ಬೆರಳುಗಳೆಲ್ಲ ಲ್ಯಾಪ್‌ಟಾಪ್‌ಗಳ ಮೇಲೆ ಒಮ್ಮೆಲೇ ನಿಂತುಬಿಟ್ಟವು.

ಅವಳ ತೋಳುಗಳಲ್ಲಿ ಹಳೆಯ ಕಂಪ್ಯೂಟರಿನ ಸಿಪಿಯು ಡಬ್ಬ. ಚಾಮರಾಜಪೇಟೆಯಿಂದ ಮಲ್ಲೇಶ್ವರಂವರೆಗೆ ಆಟೋದಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದು, ಎರಡು ಮಹಡಿ ಹತ್ತಿದ್ದಳು. ಹಣೆಯ ಮೇಲೆ ಬೆವರು, ಕಣ್ಣಲ್ಲಿ ಕೆಂಡ!

ಪ್ರತಿ ಭಾನುವಾರ ಬೆಳಗ್ಗೆ ಆ ಕೋಣೆಯಲ್ಲಿ ಲಿನಕ್ಸ್ ಬಳಸುವವರು ಸೇರುತ್ತಿದ್ದರು. ಲಿನಕ್ಸ್ ಎಂದರೆ ಯಾರು ಬೇಕಾದರೂ ಬಳಸಬಹುದಾದ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಕಂಪ್ಯೂಟರ್ ವ್ಯವಸ್ಥೆ. ಇಂಟರ್ನೆಟ್ಟಿನಲ್ಲಿ ಇವರದೇ ಒಂದು ಫೋರಂ ಇತ್ತು. ಅಲ್ಲಿ ಯಾರಾದರೂ ಕಷ್ಟ ಹೇಳಿಕೊಂಡರೆ ಇನ್ಯಾರೋ ಉತ್ತರ ಬರೆಯುತ್ತಿದ್ದರು. ಶರಣ್ಯಳ ಪ್ರಶ್ನೆಗೆ ಉತ್ತರ ಬರೆದವನ ಹೆಸರು 'ಗುಬ್ಬಚ್ಚಿ'.

ಕಿಟಕಿಯ ಪಕ್ಕದಿಂದ ಒಬ್ಬ ಎದ್ದು ನಿಂತ. ಏಳುತ್ತಲೇ ಇದ್ದ, ಏಳುತ್ತಲೇ ಇದ್ದ… ತಲೆ ಫ್ಯಾನಿಗೆ ತಗಲುತ್ತದೇನೋ ಎನ್ನುವಷ್ಟು ಎತ್ತರ!

"ನಾನೇ. ಮನೋಹರ್ ಅಂತ."

'ಇವನಾ ಗುಬ್ಬಚ್ಚಿ?!' ಬೇರೆ ದಿನವಾಗಿದ್ದರೆ ಶರಣ್ಯ ನಕ್ಕುಬಿಡುತ್ತಿದ್ದಳು. ಇವತ್ತು ನಗು ಬರಲಿಲ್ಲ.

"ನೀವು ಬರೆದ ಹಾಗೇ ಮಾಡ್ದೆ. ಇರೋ ಬ್ರೌಸರ್ ತೆಗೀರಿ, ಬೇರೆ ಥರದ್ದನ್ನ ಹಾಕಿ ಅಂದ್ರಿ. ತೆಗೆದೆ. ಹೊಸದು ಬರ್ಲೇ ಇಲ್ಲ! ಇದ್ದದ್ದನ್ನೂ ಕಳ್ಕೊಂಡ್ವಿ…"

"ತೆಗೀರಿ ಅಂತ ಯಾಕೆ ಹೇಳಿದ್ದು ಅಂದ್ರೆ…"

"ನನಗೆ ಕಾರಣ ಬೇಡ. ನನಗೆ ಬ್ರೌಸರ್ ಬೇಕು!"

ಮನೋಹರ ಹತ್ತಿರ ಬಂದು ಎರಡೂ ಕೈಯಲ್ಲಿ ಆ ಡಬ್ಬವನ್ನು ಇಳಿಸಿಕೊಂಡ.

"ಕೂತ್ಕೊಳ್ಳಿ. ಮೊದಲು ನೀರು ಕುಡೀರಿ."

ಡಬ್ಬಕ್ಕೆ ತೆರೆ, ಕೀಬೋರ್ಡು ಜೋಡಿಸಿ, ಹೊಸ ಬ್ರೌಸರ್ ಹಾಕುವ ಆದೇಶ ಕೊಟ್ಟ. ಅವಳ ಮನೆಯಲ್ಲಿ ಬಂದಿದ್ದ ಅದೇ 'ಆಗುವುದಿಲ್ಲ' ಎನ್ನುವ ಉದ್ದನೆಯ ದೂರು ಇಲ್ಲೂ ತೆರೆಯ ಮೇಲೆ ಬಂತು. ಅದನ್ನು ಓದಿದ. ತೆರೆಯ ಮೂಲೆ ನೋಡಿದ. ತುಟಿಯಂಚಿನಲ್ಲಿ ಸಣ್ಣ ನಗು ಮೂಡಿತು.

"ನಗೋಕೇನಿದೆ?" ಶರಣ್ಯ ಸಿಡುಕಿದಳು.

"ನಿಮ್ಮ ಕಂಪ್ಯೂಟರ್ ಪ್ರಕಾರ ಇದು ಎರಡು ಸಾವಿರದ ಹನ್ನೊಂದನೇ ಇಸವಿ, ನೋಡಿ."

ಶರಣ್ಯ ಬಗ್ಗಿ ನೋಡಿದಳು. ಹೌದು! ಇಷ್ಟು ದಿನ ಆ ಮೂಲೆಯ ಕಡೆ ಅವಳ ಕಣ್ಣೇ ಹೋಗಿರಲಿಲ್ಲ.

"ಒಳಗೆ ಒಂದು ಬಿಲ್ಲೆ ಬ್ಯಾಟರಿ ಇರುತ್ತೆ, ಅದು ಸತ್ತಿದೆ," ಎಂದ ಮನೋಹರ. "ಆಫ್ ಮಾಡಿದ ಕೂಡ್ಲೇ ತಾರೀಖು ಮರೆತುಬಿಡುತ್ತೆ. ಇಂಟರ್ನೆಟ್ ನೋಡಿ ಟೈಮ್ ಸರಿಮಾಡ್ಕೊಳ್ಳೋದನ್ನೂ ಯಾರೋ ಆಫ್ ಮಾಡಿದಾರೆ. ಹೊಸ ಬ್ರೌಸರ್ ತರೋಕೆ ಹೋದ್ರೆ, ಆ ಕಡೆಯಿಂದ ಬರೋ ಫೈಲ್ ಮೇಲೆ ಈಗಿನ ತಾರೀಖು ಇರುತ್ತೆ. ಇದಕ್ಕೆ ಅದು ಇನ್ನೂ ಬರದೇ ಇರೋ ದಿನ! ನಂಬಲ್ಲ, ಬೇಡ ಅಂತ ತಳ್ಳಿಬಿಡುತ್ತೆ. ನೀವು ಮಾಡಿದ್ರಲ್ಲಿ ಒಂದೂ ತಪ್ಪಿಲ್ಲ. ತಾರೀಖು ನೋಡಿ ಅಂತ ನಾನೇ ಮೊದಲು ಹೇಳ್ಬೇಕಿತ್ತು. ಸಾರಿ."

ಜಗಳಕ್ಕೆಂದೇ ಸಿದ್ಧವಾಗಿ ಬಂದವಳಿಗೆ ಆ 'ಸಾರಿ'ಯನ್ನು ಏನು ಮಾಡುವುದೆಂದು ತಿಳಿಯಲಿಲ್ಲ.

ಹೊಸ ಬ್ಯಾಟರಿ ಹಾಕಿ, ಗಡಿಯಾರ ಸರಿಮಾಡಿ, ಮತ್ತೆ ಆದೇಶ ಕೊಟ್ಟ. ಮತ್ತೊಂದು ದೂರು!

"ಅಯ್ಯೋ… ಈಗೇನು?"

"ಗಾಬರಿ ಬೇಡ. ಟೈಮ್ ಸರಿಯಾಯ್ತಲ್ಲ, ಬಾಕಿ ಇದ್ದ ಅಪ್‌ಡೇಟ್ ಎಲ್ಲಾ ಒಟ್ಟಿಗೆ ನುಗ್ತಿದೆ. ಅದು ಮುಗಿಯೋ ತನಕ ಬೇರೇನೂ ಹಾಕೋಕೆ ಬಿಡದ ಹಾಗೆ ಬೀಗ ಹಾಕ್ಕೊಂಡಿರುತ್ತೆ. ಬಲವಂತ ಮಾಡಿದ್ರೆ ಇರೋದೂ ಕೆಡುತ್ತೆ. ಸ್ವಲ್ಪ ಕಾಯೋಣ."

ಕಾಯುತ್ತಾ ಕುಳಿತರು. ಕೆಳಗೆ ಎಂಟನೇ ಕ್ರಾಸಿನಲ್ಲಿ ಹೂವಿನವಳು ಮೊಳ ಮೊಳ ಎಂದು ಕೂಗುತ್ತಿದ್ದಳು.

"ಬ್ರೌಸರ್ ಯಾರಿಗೆ?" ಎಂದು ಅವನು ಮೆಲ್ಲಗೆ ಕೇಳಿದ.

ಹೇಳಬಾರದು ಎಂದುಕೊಂಡಿದ್ದಳು. ಆದರೂ ಹೇಳಿಬಿಟ್ಟಳು.

"ನಮ್ಮಪ್ಪಂಗೆ. ಅಪ್ಪಂಗೆ… ಕಣ್ಣು ಕಾಣಲ್ಲ."

ಶರಣ್ಯಳ ತಂದೆ ಚಂದ್ರಶೇಖರಯ್ಯ. ಅವರ ಮನೆತನದವರೆಲ್ಲ ಪೇಟೆಯಲ್ಲಿ ಬಟ್ಟೆ ವ್ಯಾಪಾರಕ್ಕೆ ಕುಳಿತರೆ, ಇವರೊಬ್ಬರು ಮಾತ್ರ ಚಾಮರಾಜಪೇಟೆಯ ಮನೆಯ ಮುಂಭಾಗದಲ್ಲೇ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಕೀಲಿ ನೋಡದೆ ಹೊಡೆಯುವುದನ್ನು ಎಷ್ಟೋ ಮಂದಿಗೆ ಕಲಿಸಿದ್ದರು. ಶರಣ್ಯ ಕಾಲೇಜಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಆಮೇಲೆ ಗ್ಲಾಕೋಮಾ ಅಪ್ಪನ ಕಣ್ಣುಗಳನ್ನು ಸದ್ದಿಲ್ಲದೆ ತಿಂದುಹಾಕಿತು.

ಅಪ್ಪ ಅದನ್ನು ಯಾರಿಗೂ ಹೇಳಲಿಲ್ಲ. ಇವತ್ತಿಗೂ ಬೆಳಗ್ಗೆ ಜಗುಲಿಯಲ್ಲಿ ಪೇಪರು ಬಿಡಿಸಿ ಹಿಡಿದುಕೊಂಡು ಕೂರುತ್ತಾರೆ. ಬೀದಿಯವರು ನಮಸ್ಕಾರ ಹೇಳಿದರೆ ದನಿ ಗುರುತಿಸಿ ತಲೆಯಾಡಿಸುತ್ತಾರೆ. ಒಂದೊಂದು ದಿನ ಪೇಪರು ತಲೆಕೆಳಗಾಗಿರುತ್ತದೆ. ಕ್ಲಿನಿಕ್ಕಿಗೆ ಹೊರಟ ಶರಣ್ಯ ಏನೂ ಆಗದವಳಂತೆ ಬಂದು ಅದನ್ನು ತಿರುಗಿಸಿಟ್ಟು ಹೋಗುತ್ತಾಳೆ. ರಾತ್ರಿ ಅದನ್ನು ಓದಿ ಹೇಳುವಾಗಲೂ ಇಬ್ಬರೂ ಆ ವಿಷಯ ಎತ್ತುವುದಿಲ್ಲ.

"ಮೊಬೈಲ್ ಕೊಟ್ಟೆ," ಎಂದಳು ಶರಣ್ಯ. "ನುಣ್ಣನೆ ಗಾಜಿನ ಮೇಲೆ ನಾನೆಲ್ಲಿದೀನಿ ಅಂತಾನೇ ಗೊತ್ತಾಗಲ್ಲ ಅಂದ್ರು. ಕೀಬೋರ್ಡ್ ಆದ್ರೆ ಅವರ ಬೆರಳಿಗೆ ದಾರಿ ಗೊತ್ತು. ತೆರೆ ಮೇಲಿರೋದನ್ನ ಓದಿ ಹೇಳೋ ಪ್ರೋಗ್ರಾಂ ಇದರಲ್ಲಿದೆ. ಆದ್ರೆ ಬ್ರೌಸರ್ ಒಳಗೆ ಹೋದ ತಕ್ಷಣ ಅದು ಮೂಕ ಆಗ್ತಿತ್ತು."

"ಅದಕ್ಕೇ ತೆಗೀರಿ ಅಂದಿದ್ದು. ಆ ಬ್ರೌಸರ್ ಮುಚ್ಚಿದ ಡಬ್ಬಿ ಥರ ಬಂದಿರುತ್ತೆ. ಸುರಕ್ಷತೆಗೆ ಒಳ್ಳೇದು. ಆದ್ರೆ ನಿಮ್ಮ ಕಂಪ್ಯೂಟರಲ್ಲಿ ಓದೋ ಪ್ರೋಗ್ರಾಮಿಗೆ ಆ ಡಬ್ಬಿ ಒಳಗಡೆ ಕಿವಿ ಹೋಗ್ತಿಲ್ಲ." ಅವನು ತೆರೆಯಿಂದ ಅವಳ ಕಡೆ ತಿರುಗಿದ. "ನಿಮ್ಮ ತಂದೆಯವರಿಗೆ ಅಂತ ಗೊತ್ತಿದ್ದಿದ್ರೆ ನಾನೇ ಮನೆಗೆ ಬರ್ತಿದ್ದೆ."

ಆ ಹೊತ್ತಿಗೆ ಬೀಗ ಬಿಟ್ಟಿತು. ತೆರೆಯ ಮೇಲೆ ಸಾಲುಗಳು ಹರಿಯತೊಡಗಿದವು. ಮುಗಿಯುವುದೇ ಇಲ್ಲವೇನೋ ಎಂಬಂತೆ…

"ಇದೆಲ್ಲಾ ಯಾರು ಮಾಡಿದ್ದು?" ಎಂದು ಶರಣ್ಯ ತನಗೇ ಕೇಳಿಕೊಂಡಂತೆ ಕೇಳಿದಳು.

"ಯಾರ್ಯಾರೋ. ಒಂದೊಂದು ಸಾಲಿನ ಹಿಂದೇನೂ ಜನ ಇದಾರೆ. ಒಬ್ಬರ ಮುಖ ಒಬ್ಬರು ನೋಡಿರಲ್ಲ. ನಿಮ್ಮಪ್ಪ ಯಾರು ಅಂತ ಅವರಿಗೆ ಗೊತ್ತಿಲ್ಲ. ಆದ್ರೂ ಅವರಂಥೋರಿಗೆ ಬೇಕಾಗುತ್ತೆ ಅಂತ ಮಾಡಿಟ್ಟಿದಾರೆ."

ಶರಣ್ಯ ರೆಪ್ಪೆ ಮಿಟುಕಿಸದೆ ನೋಡಿದಳು. ಯಾವ ಊರಿನವರೋ! ಅವಳಿಗೆ ಮೈ ಜುಮ್ಮೆಂದಿತು.

---

ಮುಂದಿನ ಭಾನುವಾರ ಮನೋಹರ ಮನೆಗೇ ಬಂದ. ತ್ಯಾಗರಾಜನಗರದಲ್ಲಿ ಮನೆ, ಬಸವನಗುಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು ಎಂದು ಪರಿಚಯ ಹೇಳಿಕೊಂಡ.

ಚಂದ್ರಶೇಖರಯ್ಯ ಕೀಬೋರ್ಡಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಬ್ರೌಸರ್ ತೆರೆಯಿತು. ಸುದ್ದಿಯ ಪುಟ ಬಂತು. ಯಂತ್ರದ ಹೆಣ್ಣು ದನಿ ಓದತೊಡಗಿತು…

"ಮಾರುಕಟ್ಟೆಯಲ್ಲಿ ರಾಶಿ ರಾಶಿ ಕೊಲೆ. ಸಾರ್ವಜನಿಕರ ದೂರು."

"ಕೊಲೇನಾ!" ಅಪ್ಪ ಬೆಚ್ಚಿಬಿದ್ದರು.

ಶರಣ್ಯ ತೆರೆ ನೋಡಿದಳು. "ಕೊಲೆ ಅಲ್ಲಪ್ಪ, ಕೊಳೆ! ಕಸ ಎತ್ತಿಲ್ವಂತೆ."

ಯಂತ್ರಕ್ಕೆ 'ಳ' ಬರುತ್ತಿರಲಿಲ್ಲ. ಹಳ್ಳಿ ಎಂದಿದ್ದರೆ ಹಲ್ಲಿ. ಬೆಳೆ ಎಂದಿದ್ದರೆ ಬೆಲೆ. ಹಲ್ಲಿಗಳಲ್ಲಿ ಬೆಲೆ ಚೆನ್ನಾಗಿದೆ ಎಂದು ಗಂಭೀರವಾಗಿ ಹೇಳಿತು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೆ ನಗು ಮುಗಿದಾಗ ಅಪ್ಪನ ಕೈ ಕೀಬೋರ್ಡಿನಿಂದ ಜಾರಿತ್ತು.

"ಬಿಡಮ್ಮ. ಪ್ರತಿ ಸಾಲಿಗೂ ನಿನ್ನ ಕೇಳ್ಬೇಕು ಅಂದ್ರೆ, ನೀನೇ ಓದಿದ ಹಾಗಾಯ್ತಲ್ಲ…"

ಶರಣ್ಯ ಮನೋಹರನ ಮುಖ ನೋಡಿದಳು. ಅವನು ಅಪ್ಪನನ್ನೇ ನೋಡುತ್ತಿದ್ದ.

"ಸರ್, ನನಗೆ ಸ್ವಲ್ಪ ದಿನ ಕೊಡಿ," ಎಂದ.

ಆಮೇಲೆ ಅವನು ಪದೇ ಪದೇ ಬಂದ. ಅಪ್ಪನ ಹತ್ತಿರ ಗಂಟೆಗಟ್ಟಲೆ ಕೂತು ಅದೇನೋ ಮಾಡುತ್ತಿದ್ದ. ಶರಣ್ಯ ಒಳಗಿನಿಂದ ಕಾಫಿ ತಂದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಅಪ್ಪ ಅವನನ್ನು 'ನೀವು' ಎನ್ನುವುದನ್ನು ಬಿಟ್ಟು 'ಏನಯ್ಯಾ ಮನೋಹರ' ಎನ್ನತೊಡಗಿದ್ದರು.

ಒಂದು ಸಂಜೆ ಅವನು ಲೋಟ ವಾಪಸ್ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಲೋಟ ಬಿಡಲಿಲ್ಲ.

'ಶರಣ್ಯ, ನಿನಗೇನಾಗಿದೆ?' ಎಂದು ಆಮೇಲೆ ಕನ್ನಡಿಯ ಮುಂದೆ ನಿಂತು ಕೇಳಿಕೊಂಡಳು. ಬಂದಿದ್ದ ಸಂಬಂಧಗಳನ್ನೆಲ್ಲ ಅಪ್ಪನನ್ನು ಬಿಟ್ಟಿರಲಾರೆ ಎಂದು ಬೇಡವೆಂದಿದ್ದವಳು ಅವಳು. ಈಗ ಗೇಟಿನ ಸದ್ದಾದರೆ ಸಾಕು, ತಾನಾಗಿ ಕಾಲು ಬಾಗಿಲ ಕಡೆ ಓಡುತ್ತಿತ್ತು!

---

ಆ ಸಂತೋಷ ಒಂದು ಮಧ್ಯಾಹ್ನ ಒಡೆದುಹೋಯಿತು.

ಶರಣ್ಯ ಫಿಸಿಯೋಥೆರಪಿಸ್ಟ್. ಗಾಂಧಿಬಜಾರಿನ ಹತ್ತಿರದ ಕ್ಲಿನಿಕ್ಕಿನಲ್ಲಿ ಅವಳ ಜೊತೆ ಕೆಲಸ ಮಾಡುವ ಯಶೋಧರಾ ಊಟದ ಹೊತ್ತಲ್ಲಿ ಮೊಬೈಲ್ ಚಾಚಿದಳು.

"ಲೇ, ಇದು ನಿಮ್ಮಪ್ಪನ ದನಿ ಅಲ್ವೇನೇ? ನಮ್ಮೆಜಮಾನ್ರ ಕಂಪ್ಯೂಟರ್ ಗ್ರೂಪಲ್ಲಿ ಬಂದಿದೆ."

ಶರಣ್ಯ ಕಿವಿಗಿಟ್ಟುಕೊಂಡಳು.

"ನನಗೆ ಕಣ್ಣು ಕಾಣುವುದಿಲ್ಲ. ನಾನು ಹೇಳುವುದನ್ನು ದಯವಿಟ್ಟು ಕೇಳಿ… ಹಳ್ಳಿ. ಹಲ್ಲಿ. ಕೊಳೆ. ಕೊಲೆ…"

ಅಪ್ಪನೇ! ಕೆಳಗೆ ದೇಶ ದೇಶದವರ ಮಾತುಗಳು. ಹಾಕಿದವರ ಹೆಸರು ಗುಬ್ಬಚ್ಚಿ.

ಬೀದಿಯವರಿಗೂ ಗೊತ್ತಾಗದಂತೆ ಅಪ್ಪ ಕಾಪಾಡಿಕೊಂಡು ಬಂದ ಮಾನ… ಇವನು ಲೋಕಕ್ಕೆಲ್ಲ ಕೇಳಿಸಿಬಿಟ್ಟನೇ?

ನೇರವಾಗಿ ಅವನ ಕಾಲೇಜಿಗೆ ನಡೆದಳು. ಗೇಟಿನ ಹತ್ತಿರ ಅವಳನ್ನು ಕಂಡು ಮನೋಹರನ ಮುಖ ಅರಳಿತು. ಮರುಕ್ಷಣವೇ ಬಾಡಿತು.

"ನಮ್ಮಪ್ಪ ನಿಮಗೆ ಪ್ರಯೋಗದ ವಸ್ತುನಾ ಮನೋಹರ್?"

"ಶರಣ್ಯ…"

"ಅಪ್ಪನ ಕಣ್ಣಿನ ವಿಷಯ ಪಕ್ಕದ ಮನೆಯೋರಿಗೂ ಗೊತ್ತಿಲ್ಲ. ನಂಬಿ ನಿಮಗೊಬ್ಬರಿಗೆ ಹೇಳಿದ್ದೆ. ನೀವು ಅದನ್ನ ಇಂಟರ್ನೆಟ್ಟಲ್ಲಿ ಹಾಕಿದ್ರಾ? ಹಾಕಿದ್ರಾ, ಇಲ್ವಾ?"

"ಹಾಕಿದೀನಿ. ಆದ್ರೆ… ನಾನೀಗ ಏನೂ ಹೇಳೋ ಹಾಗಿಲ್ಲ. ಸ್ವಲ್ಪ ದಿನ ನನ್ನ ನಂಬಿ."

"ನಂಬಿದ್ದಕ್ಕೇ ಹೀಗಾಯ್ತು!" ಹೊರಡಲು ತಿರುಗಿದಳು. "ಇನ್ನು ನಮ್ಮನೆಗೆ ಬರ್ಬೇಡಿ."

ಅವನು ತಡೆಯಲಿಲ್ಲ. ತಡೆಯಬಾರದಿತ್ತೇ ಎಂದು ದಾರಿಯುದ್ದಕ್ಕೂ ಅವಳ ಮನಸ್ಸು ಒಳಗೊಳಗೇ ಅತ್ತಿತು.

ಅಪ್ಪನಿಗೆ ಏನನ್ನೂ ಹೇಳಲಿಲ್ಲ. 'ಎಲ್ಲರಿಗೂ ಗೊತ್ತಾಗಿದೆ' ಎಂದು ಯಾವ ಬಾಯಲ್ಲಿ ಹೇಳುವುದು? ಮನೋಹರ ಯಾಕೆ ಕಾಣಲಿಲ್ಲ ಎಂದು ಅಪ್ಪ ಕೇಳಿದಾಗ, "ಪರೀಕ್ಷೆ ಕೆಲಸ ಇರ್ಬೇಕು," ಎಂದಳು. ಆ ದಿನಗಳಲ್ಲಿ ಗೇಟು ಸದ್ದಾದರೂ ಅವಳು ಎದ್ದು ನೋಡಲಿಲ್ಲ.

---

ಒಂದು ಶನಿವಾರ ಕ್ಲಿನಿಕ್ಕಿನಿಂದ ಬೇಗ ಬಂದಳು. ಗೇಟು ತೆಗೆಯುವಷ್ಟರಲ್ಲಿ ಮನೆಯೊಳಗಿನಿಂದ ಹೆಣ್ಣು ದನಿಯೊಂದು ಕೇಳಿಸಿತು.

"…ಹಳ್ಳಿಗಳಲ್ಲಿ ಒಳ್ಳೆಯ ಮಳೆ. ಬೆಳೆಗೆ ಜೀವಕಳೆ. ಹೊಳೆಯಲ್ಲಿ ನೀರು ಹೆಚ್ಚಳ."

ಶರಣ್ಯ ನಿಂತಲ್ಲೇ ನಿಂತಳು.

ಹಳ್ಳಿ. ಮಳೆ. ಬೆಳೆ. ಹೊಳೆ. ಒಂದೊಂದು ಳಕಾರವೂ ನಾಲಿಗೆ ಮಡಿಚಿ, ದುಂಡಗೆ, ತುಂಬಿಕೊಂಡು ಬರುತ್ತಿತ್ತು! ಅಪ್ಪ ಹೇಳುವ ಹಾಗೆಯೇ…

ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದಳು. ಚಂದ್ರಶೇಖರಯ್ಯ ಕೀಬೋರ್ಡಿನ ಮುಂದೆ ಕುಳಿತಿದ್ದರು. ಬೆರಳುಗಳು ಹಾರುತ್ತಿದ್ದವು. ಒಂದು ಪುಟ ತೆರೆದರು, ಸ್ವಲ್ಪ ಕೇಳಿದರು, ಮುಚ್ಚಿದರು, ಇನ್ನೊಂದಕ್ಕೆ ಹೋದರು. ಯಾರನ್ನೂ ಕೇಳದೆ! ಯಾರಿಗೂ ಕಾಯದೆ! ಕತ್ತಲಲ್ಲಿ ಕೂತ ಆ ಮುಖದ ಮೇಲೆ ಎಂಥ ಬೆಳಕು! ಶರಣ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕಣ್ಣೀರು ತಾನಾಗಿ ಹರಿಯುತ್ತಿತ್ತು.

"ಬಂದ್ಯಾ ತಾಯಿ?" ತಿರುಗದೆಯೇ ಅಪ್ಪ ಕೇಳಿದರು. "ಇವತ್ತು ನಾನು ಪೇಪರೆಲ್ಲಾ ಓದ್ದೆ ಕಣಮ್ಮ. ಸಾವಿನ ಸುದ್ದೀನೂ ಬಿಡ್ಲಿಲ್ಲ. ನೀನು ಓದುವಾಗ ಬೇಜಾರಿನದೆಲ್ಲಾ ಹಾರಿಸ್ತಿದ್ದೆ, ನನಗೆ ಗೊತ್ತಾಗ್ತಿತ್ತು."

"ಅಪ್ಪಾ… ಇದು ಹೇಗೆ…?"

"ಮನೋಹರ ನಿನ್ನೆ ನೀನಿಲ್ಲದಾಗ ಬಂದು ಹೊಸದನ್ನ ಹಾಕಿಕೊಟ್ಟು ಹೋದ. ಕಾಫಿ ಕುಡಿಯಯ್ಯಾ ಅಂದ್ರೆ, ಬೇಡ ಸರ್, ನಿಮ್ಮ ಮಗಳು ಬೈತಾರೆ ಅಂದ. ಯಾಕಮ್ಮ, ಬೈದ್ಯಾ ಅವನನ್ನ?"

ಶರಣ್ಯ ಅಪ್ಪನ ಕಾಲ ಬಳಿ ಕುಸಿದು ಕುಳಿತು ಎಲ್ಲ ಹೇಳಿದಳು. ಯಶೋಧರಾ ಕೇಳಿಸಿದ್ದು, ಕಾಲೇಜಿನ ಗೇಟಿನಲ್ಲಿ ತಾನು ಆಡಿದ್ದು…

ಅಪ್ಪ ಕೀಬೋರ್ಡಿನಿಂದ ಕೈ ತೆಗೆದು ಅವಳ ತಲೆಯ ಮೇಲಿಟ್ಟರು.

"ತಪ್ಪು ಅವನದಲ್ಲ ತಾಯಿ. ಹಾಕು ಅಂದಿದ್ದು ನಾನು. ಯಂತ್ರಕ್ಕೆ ಮಾತು ಕಲಿಸ್ಬೇಕಾದ್ರೆ ಕಲಿಸೋನು ಯಾರು, ಯಾಕೆ ಕಲಿಸ್ತಿದಾನೆ ಅಂತ ಅದನ್ನ ಮಾಡೋರಿಗೆ ಗೊತ್ತಾಗ್ಬೇಡ್ವಾ? ಕಣ್ಣು ಕಾಣಲ್ಲ ಅಂತ ಅವತ್ತೇ ಮೊದಲು ಬಾಯಿಬಿಟ್ಟು ಹೇಳಿದ್ದು ನಾನು. ಹೇಳಿದ ಮೇಲೆ… ಏನೂ ಆಗ್ಲಿಲ್ಲ ಕಣೆ. ಎದೆ ಹಗುರ ಆಯ್ತು."

"ನನಗೆ ಯಾಕೆ ಹೇಳ್ಲಿಲ್ಲ?"

"ಸರಿಹೋಗ್ದೇ ಇದ್ರೆ ನಿನಗೆ ಇನ್ನೊಂದು ನಿರಾಸೆ. ಮುಗಿಯೋ ತನಕ ಶರಣ್ಯಂಗೆ ಹೇಳ್ಬೇಡ ಅಂತ ಅವನ ಹತ್ರ ಮಾತು ತಗೊಂಡಿದ್ದೆ. ನೋಡು, ಬೈಸ್ಕೊಂಡ್ರೂ ಮಾತು ಮುರೀಲಿಲ್ಲ ಆ ಹುಡುಗ."

ಶರಣ್ಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಮತ್ತೆ, ಅದನ್ನ ಸರಿಮಾಡಿದ್ದು ಯಾರು ಗೊತ್ತಾ? ಫಿನ್‌ಲೆಂಡ್‌ನಲ್ಲಿ ಹೆಲ್ಮಿ ಅಂತ ಒಬ್ಬ ಹೆಣ್ಣುಮಗಳು. ಹುಟ್ಟಿನಿಂದ ಕಣ್ಣಿಲ್ವಂತೆ. ಕನ್ನಡ ಒಂದಕ್ಷರ ಬರಲ್ಲ! ನನ್ನ ದನಿ ಕೇಳಿ ಕೇಳಿ, ನಾಲಿಗೆ ಎಲ್ಲಿ ಮಡಿಚ್ಕೊಳ್ಳುತ್ತೆ ಅಂತ ಹುಡುಕಿದ್ಲಂತೆ. ನಮ್ಮನೆ ನಾಯಿಗೂ ಈಗ ಹಳ್ಳಿ ಅನ್ನೋದು ಗೊತ್ತು ಅಂತ ಬರೆದಿದಾಳೆ." ಅಪ್ಪ ನಕ್ಕರು. ಆಮೇಲೆ ದನಿ ಇಳಿಯಿತು. "ಇನ್ಮೇಲೆ ರಾಯಚೂರಲ್ಲೋ ಕಾರವಾರದಲ್ಲೋ ಕಣ್ಣಿಲ್ಲದ ಒಂದು ಮಗು ಕಂಪ್ಯೂಟರ್ ಮುಂದೆ ಕೂತ್ರೆ, ಅದಕ್ಕೂ ಹಳ್ಳಿ ಹಳ್ಳಿ ಅಂತಾನೇ ಕೇಳುತ್ತಂತೆ. ನಾನು ಇಲ್ಲೇ, ಈ ಕುರ್ಚೀಲಿ ಕೂತು ಹೇಳಿದ್ದು… ಅಷ್ಟು ದೂರ ಹೋಯ್ತಲ್ಲಮ್ಮ!"

ಹಿಮ ಬೀಳುವ ಯಾವುದೋ ಊರಿನಲ್ಲಿ, ತಾನೆಂದೂ ನೋಡದ ಒಂದು ಮನೆಯಲ್ಲಿ, ಅಪ್ಪನ ದನಿ ಮತ್ತೆ ಮತ್ತೆ ಮೊಳಗಿತ್ತು. ಅದನ್ನು ನೆನೆದರೆ ಶರಣ್ಯಳಿಗೆ ಉಸಿರೇ ನಿಂತಂತಾಗುತ್ತಿತ್ತು.

"ಅವನು ಸಂಜೆ ಹೊತ್ತು ಬಸವನಗುಡಿ ಪಾರ್ಕಲ್ಲಿ ಕಹಳೆ ಬಂಡೆ ಹತ್ರ ಕೂತಿರ್ತಾನೆ," ಎಂದರು ಅಪ್ಪ, ಯಾರಿಗೋ ಹೇಳುವಂತೆ.

---

ಬಂಡೆಯ ಮೇಲೆ ಮನೋಹರ ಒಬ್ಬನೇ ಕುಳಿತಿದ್ದ. ಹೆಜ್ಜೆ ಸದ್ದಿಗೆ ತಿರುಗಿ ಗಡಬಡಿಸಿ ಏಳಹೋದ.

"ಏಳ್ಬೇಡಿ," ಎಂದು ಶರಣ್ಯ ಪಕ್ಕದಲ್ಲಿ ಕುಳಿತಳು.

ಅಷ್ಟರಲ್ಲಿ ಮರಗಳಿಂದ ಬಾವಲಿಗಳು ಎದ್ದವು. ಒಂದು, ಹತ್ತು, ಆಮೇಲೆ ಲೆಕ್ಕವಿಲ್ಲದಷ್ಟು. ಕಿತ್ತಳೆ ಆಕಾಶದ ತುಂಬ ಸದ್ದಿಲ್ಲದ ಕಪ್ಪು ರೆಕ್ಕೆಗಳು ಬಸವನಗುಡಿಯ ಮೇಲೆ ಹರಡಿಕೊಂಡು ಹೋದವು. ಇಬ್ಬರೂ ಕತ್ತೆತ್ತಿ ನೋಡಿದರು.

ಆಕಾಶ ಖಾಲಿಯಾದ ಮೇಲೆ ಅವಳು ಹೇಳಿದಳು.

"ಅಪ್ಪ ಇವತ್ತು ಪೇಪರ್ ಓದಿದ್ರು. ಅವರೇ."

"ಹ್ಞೂಂ."

"ನಾನು ನಿಮಗೆ ಬಾಯಿಗೆ ಬಂದ ಹಾಗೆ ಅಂದೆ. ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು, ನಿಮ್ಮಪ್ಪನೇ ಹೇಳಿದ್ದು ಅಂತ…"

"ಹೇಳಿದ್ರೆ ನಾನು ಗೆಲ್ತಿದ್ದೆ. ಆದ್ರೆ ತಾವೇ ಓದಿ ನಿಮ್ಮನ್ನ ಬೆರಗು ಮಾಡೋ ಇವತ್ತಿನ ದಿನ ನಿಮ್ಮಪ್ಪನಿಗೆ ಸಿಗ್ತಿರ್ಲಿಲ್ಲ."

ಶರಣ್ಯಳ ಕಣ್ಣು ತುಂಬಿತು. "ಕ್ಷಮಿಸ್ತೀರಾ?"

"ನೀವು ಬೈದಾಗ ನನಗೆ ಸಿಟ್ಟೇ ಬರ್ಲಿಲ್ಲ ಶರಣ್ಯ." ಅವನು ಬಂಡೆಯನ್ನು ನೋಡುತ್ತಾ ಹೇಳಿದ. "ಅಪ್ಪನ್ನ ಇಷ್ಟೊಂದು ಪ್ರೀತಿಸೋರು ಇದಾರಲ್ಲ ಅನ್ನಿಸ್ತು. ಆ ಪ್ರೀತೀಲಿ ಒಂದು ಚೂರು ನನಗೂ ಸಿಕ್ಕಿದ್ರೆ… ಅಂತ ಆಸೆ ಆಯ್ತು. ಗೇಟಿನ ಹತ್ರ, ನೀವು ಬೈತಾ ಇರುವಾಗ್ಲೇ!"

ಅವಳು ನಗುತ್ತಲೇ ಅತ್ತಳು. ಅವನ ದೊಡ್ಡ ಕೈಯ ಮೇಲೆ ತನ್ನ ಕೈಯಿಟ್ಟಳು. ಅವನು ಅಲುಗಲಿಲ್ಲ.

"ಚೂರು ಯಾಕೆ…" ಎಂದಳು ಮೆಲ್ಲಗೆ. "ನಾಳೆ ಮನೆಗೆ ಬರ್ತೀರಾ?"

"ಯಾಕೆ? ಮತ್ತೆ ಏನಾದ್ರೂ ಕೆಟ್ಟಿದೆಯಾ?"

"ಏನೂ ಕೆಟ್ಟಿಲ್ಲ. ಬ್ರೌಸರ್ ಸರಿಯಿದೆ, ದನಿ ಸರಿಯಿದೆ, ಎಲ್ಲಾ ಸರಿಯಿದೆ."

"ಮತ್ತೆ?"

"ಎಲ್ಲಾ ಸರಿಯಿದ್ದಾಗ್ಲೂ ಬನ್ನಿ ಅಂತ ಕರೀತಿದೀನಿ ಮನೋಹರ್. ದಿನಾ."

ಅವನು ಅವಳ ಕೈಯನ್ನು ಎರಡೂ ಅಂಗೈಗಳಲ್ಲಿ ಮುಚ್ಚಿಕೊಂಡ. ಆಮೇಲೆ ಕೇಳಿದ.

"ಕಾಫಿ ಸಿಗುತ್ತಾ?"

"ಬೈಗುಳಾನೂ ಸಿಗುತ್ತೆ."

"ಹಾಗಾದ್ರೆ ಬೇಗನೇ ಬರ್ತೀನಿ," ಎಂದ ಮನೋಹರ.